ಐದು ಚುಕ್ಕೆಯ ಅಂಗಿ

ಲಾಂಡ್ರಿಯವರ ಮನೆಗೆ ಸೊಸೆಯಾಗಿ ಬಂದ ನನಗೆ ಒಗೆದ ಬಟ್ಟೆಯಿಂದಲೇ ತುರಿಕೆ ಹತ್ತಿತು. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ಪಾಪ ಅನ್ನುತ್ತಾರೆ. ನಗುವವರ ಮೇಲೆ ನನಗೆ ಸಿಟ್ಟಿಲ್ಲ. ಪಾಪ ಅನ್ನುವವರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ, ಅದೂ ಮೊದಲೇ ಉರಿಯುತ್ತಿದ್ದ ಮೈ.

ಶುರುವಾದದ್ದು ಮದುವೆಯಾದ ಮೂರನೇ ವಾರಕ್ಕೆ. ಮೊದಲು ಕತ್ತಿನ ಹಿಂದೆ, ಕೂದಲು ಮುಗಿಯುವ ಕಡೆ, ಹೆಬ್ಬೆರಳಿನಷ್ಟು ಜಾಗ. ಆಮೇಲೆ ಸೊಂಟದ ಬಲಗಡೆ. ಆಮೇಲೆ ಮೂಗಿನ ಪಕ್ಕ. ಕೆಂಪಗೆ ಊದಿ, ಸಣ್ಣ ನೀರುಗುಳ್ಳೆ ಎದ್ದು, ಕೆರೆದರೆ ಉರಿ, ಕೆರೆಯದಿದ್ದರೆ ಹುಚ್ಚು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಿರಾಕಿಯ ಮುಖದ ಹತ್ತಿರಕ್ಕೆ ಮುಖ ಒಯ್ದು, ಫ್ರೇಮಿನ ಕಡ್ಡಿ ಕಿವಿಯ ಹಿಂದೆ ಸರಿಯಾಗಿ ಕೂತಿದೆಯೇ ಎಂದು ನೋಡಬೇಕು. ಮೂಗಿನ ಪಕ್ಕ ದದ್ದು ಇಟ್ಟುಕೊಂಡು ನಾನು ಎಷ್ಟು ಮುಂದೆ ಬಗ್ಗುತ್ತಿದ್ದೆನೋ ಗಿರಾಕಿ ಅಷ್ಟೇ ಹಿಂದೆ ಸರಿಯುತ್ತಿದ್ದ.

ತುರಿಕೆಯನ್ನು ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಆದರೆ ಅದರ ಜೊತೆಗೆ ಆ ಮನೆಯೇ ಕೈಬಿಟ್ಟು ಹೋಗುವ ಹಾಗಿತ್ತು. ಅದನ್ನು ಸಹಿಸುವುದು ನನ್ನಿಂದ ಸಾಧ್ಯವಿರಲಿಲ್ಲ. ಯಾಕೆ ಎಂದು ಹೇಳದಿದ್ದರೆ ಈ ಕತೆಗೆ ಅರ್ಥವಿಲ್ಲ.

ನನ್ನ ಅಪ್ಪನದು ವರ್ಗಾವಣೆಯ ನೌಕರಿ. ನಾನು ಹನ್ನೊಂದು ಕ್ವಾರ್ಟರ್ಸುಗಳಲ್ಲಿ ಬೆಳೆದವಳು. "ಗೋಡೆಗೆ ಮೊಳೆ ಹೊಡೀಬೇಡ, ಮುಂದೆ ಬರೋರು ಬೈತಾರೆ" ಎಂದು ಅಮ್ಮ ಪ್ರತಿ ಮನೆಯಲ್ಲೂ ಹೇಳುತ್ತಿದ್ದಳು. ಮುಂದೆ ಬರುವವರನ್ನು ನಾನು ಒಮ್ಮೆಯೂ ನೋಡಲಿಲ್ಲ, ಆದರೆ ಇಡೀ ಬಾಲ್ಯ ಅವರಿಗೆ ಹೆದರಿಕೊಂಡೇ ಕಳೆದೆ. ಪುಸ್ತಕದ ಮೇಲೆ ಹೆಸರನ್ನು ಕೂಡ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ.

ಗಂಡನ ಮನೆ ಅದಕ್ಕೆ ಪೂರಾ ತದ್ವಿರುದ್ಧ. ರಸ್ತೆಗೆ ಮುಖ ಮಾಡಿ ಲಾಂಡ್ರಿ, ಹಿಂದೆ ಮನೆ, ಅದರ ಹಿಂದೆ ಹಗ್ಗಗಳ ಅಂಗಳ. ಅಂಗಡಿಗೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲ, ಒಂದು ಪರದೆ ಇದೆ, ಅದೂ ಯಾವಾಗಲೂ ಸರಿಸಿರುತ್ತದೆ. ಇಸ್ತ್ರಿಯ ಬಿಸಿ ಹಬೆ ಮತ್ತು ಚಹಾದ ಹಬೆ ಒಂದರೊಳಗೊಂದು ಸೇರಿ ಯಾವುದು ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ. ಗೋಡೆ ತುಂಬ ಮೊಳೆ. ಒಂದೊಂದು ಮೊಳೆಗೂ ಒಂದೊಂದು ಕತೆ ಇದೆ, ಮಾವ ಕೇಳದಿದ್ದರೂ ಹೇಳುತ್ತಾರೆ. ಅವರು ಯಾರನ್ನು ಮಾತಾಡಿಸಿದರೂ ಮೊದಲು ಆ ವ್ಯಕ್ತಿಯ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ.

ನಾನು ಬಂದ ಎರಡನೇ ದಿನವೇ ಮಾವ ಕೂಗಿ ಕರೆದರು. "ನಿನ್ನ ಬಟ್ಟೆ ಎಲ್ಲಾ ತಗೊಂಬಾಮ್ಮ. ಒಂದೂ ಬಿಡಬೇಡ."

ಪೆಟ್ಟಿಗೆಯನ್ನೇ ತಂದಿಟ್ಟೆ. ಅವರು ಕಪಾಟಿನ ಮೇಲಿನ ಅರೆಯಿಂದ ಒಂದು ಪುಟ್ಟ ಗಾಜಿನ ಶೀಶೆ ಇಳಿಸಿದರು. ಅದರೊಳಗೆ ಕರಿಯ ಶಾಯಿ. ಯಾವುದೋ ಕಾಡುಕಾಯಿಯ ಎಣ್ಣೆಗೆ ಸುಣ್ಣ ಬೆರೆಸಿ, ಅವರ ಅಪ್ಪ ಮಾಡುತ್ತಿದ್ದ ಹಾಗೆಯೇ ಮಾಡಿದ್ದು. ಗಿರಾಕಿಗಳ ಬಟ್ಟೆಗೆ ಈಗ ನಂಬರಿನ ಚೀಟಿ ಪಿನ್ನು ಹಾಕುತ್ತಾರೆ. ಈ ಶಾಯಿ ಬರೀ ಮನೆಯವರ ಬಟ್ಟೆಗೆ. ಒಮ್ಮೆ ಬಿದ್ದರೆ ಬಟ್ಟೆ ಹರಿದು ಚಿಂದಿಯಾದರೂ ಗುರುತು ಹೋಗುವುದಿಲ್ಲ. ಮೊನಚು ಕಡ್ಡಿಯನ್ನು ಅದ್ದಿ ಮಾವ ನನ್ನ ಪ್ರತಿಯೊಂದು ಅಂಗಿಯ ಕತ್ತಿನ ಪಟ್ಟಿಗೆ, ಪ್ರತಿಯೊಂದು ಪೈಜಾಮದ ಸೊಂಟದ ಪಟ್ಟಿಗೆ, ಕೊನೆಗೆ ಕರ್ಚೀಫಿನ ಮೂಲೆಗೂ ಒಂದು ಅಡ್ಡಗೆರೆ ಎಳೆದು ಕೆಳಗೆ ಒಂದು ಚುಕ್ಕೆ ಇಟ್ಟರು.

"ಇದು ನಮ್ಮನೆ ಗುರುತು" ಎಂದರು. "ಈ ಗುರುತಿರೋ ಬಟ್ಟೆ ಎಲ್ಲಿ ಕಳೆದುಹೋದ್ರೂ ತಿರುಗಿ ಇಲ್ಲಿಗೇ ಬರತ್ತೆ. ಇನ್ಮೇಲೆ ನೀನೂ ಅಷ್ಟೇ."

ನಾನು ಬಚ್ಚಲುಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಸಾಕೆನಿಸುವಷ್ಟು ಅತ್ತು ಬಂದೆ. ಪೆನ್ಸಿಲಿನಲ್ಲಿ ಹೆಸರು ಬರೆದುಕೊಂಡವಳಿಗೆ ಅಳಿಸಲಾಗದ ಶಾಯಿ ಸಿಕ್ಕಿತ್ತು. ಅಷ್ಟು ಸುಖ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಈ ಮಾತನ್ನು ಗಂಡನಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ದದ್ದು ಎದ್ದಾಗ ಅತ್ತೆ, "ಹೊಸ ಮನೆ, ಹೊಸ ನೀರು. ಒಗ್ಗತ್ತೆ ಬಿಡು" ಎಂದು ಮುಲಾಮು ಹಚ್ಚಿದರು. ಎರಡು ತಿಂಗಳಾದರೂ ಒಗ್ಗಲಿಲ್ಲ. ಚರ್ಮದ ಡಾಕ್ಟರಮ್ಮ ನೋಡಿದರು. "ಸೂಕ್ಷ್ಮ ಚರ್ಮ. ಒಗೆಯೋ ಪುಡಿ ಬದಲಾಯಿಸಿ, ಪರಿಮಳ ಇಲ್ಲದ್ದು ತಗೊಳ್ಳಿ" ಎಂದು ಬರೆದುಕೊಟ್ಟರು. ಅಷ್ಟರಲ್ಲಿ ನಾನು ಹನ್ನೆರಡು ದಿನ ಅಮ್ಮನ ಮನೆಗೆ ಹೋಗಿದ್ದೆ. ಅಲ್ಲಿ ಬಿಟ್ಟುಬಂದಿದ್ದ ಹಳೆಯ ಬಟ್ಟೆ ಹಾಕಿಕೊಂಡೆ, ಅಮ್ಮನ ಸೋಪಿನಲ್ಲಿ ಒಗೆದದ್ದು. ಚರ್ಮ ಕನ್ನಡಿಯ ಹಾಗೆ ತಿಳಿಯಾಯಿತು. ವಾಪಸು ಬಂದು ಮೂರೇ ದಿನಕ್ಕೆ ಮತ್ತೆ ಅದೇ ಜಾಗ, ಅದೇ ಉರಿ.

ಅಮ್ಮ ಫೋನಿನಲ್ಲಿ ತೀರ್ಪು ಕೊಟ್ಟಳು. "ಆ ಮನೆ ನಿನಗೆ ಆಗಿಬರಲ್ಲ ಕಣೇ. ಇಪ್ಪತ್ತನಾಲ್ಕು ಗಂಟೆ ಸೋಪಿನ ಹಬೆ. ಬೇರೆ ಮನೆ ಮಾಡಿ."

ಬೇರೆ ಮನೆ ಎಂಬ ಮಾತು ಒಮ್ಮೆ ಹುಟ್ಟಿದರೆ ಅದು ಸಾಯುವುದಿಲ್ಲ. ಲಾಂಡ್ರಿಯ ವ್ಯಾನು ಓಡಿಸುವ ನನ್ನ ಗಂಡ ಊರೆಲ್ಲ ಸುತ್ತುವವನು, ಎರಡೇ ದಿನದಲ್ಲಿ ಒಂದು ಬಾಡಿಗೆ ಮನೆಯ ಸುದ್ದಿ ತಂದ. ಎರಡು ಕೋಣೆ, ಗೋಡೆಗೆ ಹೊಸ ಸುಣ್ಣ. "ಮೊಳೆ ಹೊಡೀಬಾರದಂತೆ, ಅಷ್ಟೇ ಕಂಡೀಷನ್ನು" ಎಂದ. ಅವನಿಗೆ ಪಾಪ ಏನು ಗೊತ್ತು, ನನಗೆ ಊಟ ಸೇರಲಿಲ್ಲ.

ವಿಷಯ ಮಾವನ ಕಿವಿಗೆ ಬಿತ್ತು. ಬಾಗಿಲಿಲ್ಲದ ಮನೆಯಲ್ಲಿ ಗುಟ್ಟು ಎಲ್ಲಿ ನಿಲ್ಲುತ್ತದೆ. ಅವರು ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಮಗನಿಗೆ ಹೇಳಿದರು. "ಊರಿನ ಬಟ್ಟೆ ಎಲ್ಲಾ ಒಗೀತೀನಿ. ನಮ್ಮನೆ ಹುಡುಗಿ ಬಟ್ಟೆ ಒಗೆಯೋಕೆ ನನಗೆ ಬರಲ್ಲ ಅಂದ್ರೆ ಬೋರ್ಡು ಇಳಿಸೋದೇ ಸರಿ. ಹತ್ತು ದಿನ ಕೊಡು. ಅವಳಿಗೆ ಯಾವ ಪುಡಿ ಆಗತ್ತೆ ಅಂತ ನಾನು ಕಂಡುಹಿಡೀತೀನಿ."

ಮರುದಿನ ಬೆಳಿಗ್ಗೆ ನಾನೂ ಮಾವನೂ ದೊಡ್ಡ ಅಂಗಡಿಗೆ ಹೋದೆವು. ಮಾವ ಜೀವಮಾನದಲ್ಲಿ ಒಗೆಯುವ ಪುಡಿಯನ್ನು ಪ್ಯಾಕೆಟ್ಟಿನಲ್ಲಿ ಕೊಂಡವರಲ್ಲ, ಅವರಿಗೆ ಅದು ಮೂಟೆಯಲ್ಲಿ ಬರುತ್ತದೆ. ಅಲ್ಲಿ ಒಂದು ಇಡೀ ಸಾಲು, ಈ ತುದಿಯಿಂದ ಆ ತುದಿವರೆಗೆ ಒಗೆಯುವ ಪುಡಿ, ದ್ರವ, ಬಿಲ್ಲೆ. ಅವರು ಮದುವೆ ಮನೆಗೆ ಬಂದ ದೂರದ ನೆಂಟರ ಹಾಗೆ ಯಾರನ್ನು ಮಾತಾಡಿಸುವುದು ಎಂದು ತಿಳಿಯದೆ ನಿಂತರು. ಆಮೇಲೆ ಒಂದೊಂದನ್ನೇ ಎತ್ತಿ ಮೂಗಿಗೆ ಹಿಡಿಯತೊಡಗಿದರು.

"ಹೂವಿನ ಚಿತ್ರ ಇರೋದೆಲ್ಲ ಆಚೆ ಇಡು. ಬಟ್ಟೆ ಯಾಕೆ ಹೂವಿನ ಥರ ನಾರಬೇಕು? ಬಟ್ಟೆ ಬಟ್ಟೆ ಥರ ಇರಬೇಕು."

"ಇದರಲ್ಲಿ ಮಗು ಚಿತ್ರ ಇದೆ ಮಾವ. ಸೂಕ್ಷ್ಮ ಚರ್ಮಕ್ಕೆ ಅಂತ ಬರೆದಿದೆ."

ಮೂಸಿ ನೋಡಿದರು. "ಇದಕ್ಕೂ ವಾಸನೆ ಹಾಕಿದಾರೆ. ಮಗುಗೆ ಯಾಕಮ್ಮ ವಾಸನೆ, ಅದಕ್ಕೆ ಅದರದ್ದೇ ಇದೆಯಲ್ಲ."

ಅಂಗಡಿಯ ಹುಡುಗಿ ಬಂದು, "ಇದರಲ್ಲಿ ಬೆಳ್ಳಗೆ ಮಾಡೋ ಕಾಳುಗಳಿವೆ ಸರ್, ನೊರೆ ಜಾಸ್ತಿ ಬರತ್ತೆ" ಎಂದು ಇನ್ನೊಂದು ತೋರಿಸಿದಳು. ಮಾವ ಅವಳ ತೋಳಿನ ಬಟ್ಟೆ ಎರಡು ಬೆರಳಲ್ಲಿ ಹಿಡಿದು ನೋಡಿ, ಬಹಳ ಮರ್ಯಾದೆಯಿಂದ ಹೇಳಿದರು. "ನೊರೆ ಕಣ್ಣಿಗೆ ಮಗಳೇ, ಕೊಳೆಗಲ್ಲ. ನಿನ್ನ ಅಂಗಿ ಸರಿಯಾಗಿ ಜಾಲಿಸಿಲ್ಲ, ಪುಡಿ ಉಳಿದಿದೆ. ಇನ್ನೊಂದು ನೀರು ಹಾಕು." ಹುಡುಗಿ ತಬ್ಬಿಬ್ಬಾಗಿ ತನ್ನ ತೋಳನ್ನೇ ನೋಡಿಕೊಂಡಳು. ನಾನು ಪ್ಯಾಕೆಟ್ಟುಗಳ ಹಿಂದೆ ಮುಖ ಮರೆಸಿಕೊಂಡು ನಕ್ಕೆ. ಎರಡು ತಿಂಗಳಲ್ಲಿ ಮೊದಲ ನಗು ಅದು.

ಒಂದು ಗಂಟೆ ಹುಡುಕಿ ಮೂರನ್ನು ಆರಿಸಿದೆವು. ಮಗುವಿನ ಚಿತ್ರದ ದ್ರವ, ಬಣ್ಣ ಹಾಕದ ಸಾದಾ ಪುಡಿ, ಬಿಳಿ ಡಬ್ಬಿಯ ಪರಿಮಳವಿಲ್ಲದ ದ್ರವ. ನಾಲ್ಕನೆಯದು ನಮ್ಮದೇ ಲಾಂಡ್ರಿಯ ಮೂಟೆ ಪುಡಿ. "ಕಳ್ಳ ಮನೆಯವನೇ ಆದ್ರೂ ಸಾಲಲ್ಲಿ ನಿಲ್ಲಬೇಕು" ಎಂದರು ಮಾವ. ಮನೆಗೆ ಬಂದ ಮೇಲೆ ಅತ್ತೆ ಐದನೆಯದನ್ನು ಸೇರಿಸಿದರು. "ಒಂದನ್ನ ಬರೀ ಬಿಸಿನೀರಲ್ಲಿ ಅಲುಬಿ. ಏನೂ ಹಾಕಬೇಡಿ. ಆಗ ಗೊತ್ತಾಗತ್ತೆ." ಅತ್ತೆ ಶಾಲೆಗೆ ಹೋದದ್ದು ನಾಲ್ಕೇ ವರ್ಷ, ಆದರೆ ನಮ್ಮ ಮೂವರಲ್ಲಿ ಸರಿಯಾಗಿ ಯೋಚಿಸಿದವರು ಅವರೊಬ್ಬರೇ.

ಹೊಚ್ಚ ಹೊಸ ಬಿಳಿ ಅಂಗಿ ಐದು ತಂದರು. ಐದು ಬಕೆಟ್ಟು, ಐದು ಸಲ ಕೈ ತೊಳೆದುಕೊಂಡು, ಒಂದಕ್ಕೊಂದು ಸೋಕದ ಹಾಗೆ ಮಾವ ತಾವೇ ಒಗೆದರು. ಪ್ರತಿಯೊಂದಕ್ಕೂ ಏಳು ನೀರು. ಅಂಗಳದಲ್ಲಿ ಒಂದೊಂದು ಹಗ್ಗಕ್ಕೆ ಒಂದೊಂದೇ ಅಂಗಿ ಒಣಗಿತು. ನಲವತ್ತು ವರ್ಷದ ಲಾಂಡ್ರಿ ಆ ಮಧ್ಯಾಹ್ನ ಐದು ಅಂಗಿಗೋಸ್ಕರ ಅರ್ಧ ಬಾಗಿಲು ಹಾಕಿತ್ತು. ಬೆರಕೆಯಾಗಬಾರದು ಎಂದು ಮಾವ ಒಗೆಯುವ ಮುಂಚೆಯೇ ಗುರುತು ಹಾಕಿದ್ದರು. ಲಾಂಡ್ರಿಯವರ ಕೈಗೆ ಗುರುತಿಲ್ಲದ ಬಟ್ಟೆ ಹಿಡಿಯಲು ಬರುವುದಿಲ್ಲ. ಮೊದಲನೆಯದಕ್ಕೆ ಒಂದು ಚುಕ್ಕೆ, ಎರಡನೆಯದಕ್ಕೆ ಎರಡು, ಹೀಗೆ. ಐದನೆಯದರಲ್ಲಿ ಕತ್ತಿನ ಪಟ್ಟಿಗೆ ಐದೂ ಹಿಡಿಸುವುದಿಲ್ಲ ಎಂದು ಪಟ್ಟಿ ಬಿಟ್ಟು ಕೆಳಗೆ, ಬೆನ್ನಿನ ಮೇಲುಭಾಗಕ್ಕೆ, ಮೇಲೆ ಎರಡು ಕೆಳಗೆ ಮೂರು ಚುಕ್ಕೆ ಇಟ್ಟರು.

ಒಂದೊಂದು ಅಂಗಿ ಎರಡೆರಡು ದಿನ. ಬೆಳಿಗ್ಗೆ ಎದ್ದು ಕತ್ತು ಬಗ್ಗಿಸಿ ಅತ್ತೆಗೆ ತೋರಿಸುವುದು ನನ್ನ ಕೆಲಸ, ನೋಡಿ ಹೇಳುವುದು ಅತ್ತೆಯ ಕೆಲಸ. ಅತ್ತೆಗೆ ಹತ್ತಿರದ್ದು ಕಾಣುವುದಿಲ್ಲ. ಕನ್ನಡಕದ ಅಂಗಡಿಯ ಸೊಸೆ ಮನೆಯಲ್ಲೇ ಇದ್ದರೂ ಅವರು ಕನ್ನಡಕ ಹಾಕುವುದಿಲ್ಲ. "ಮುದುಕಿ ಥರ ಕಾಣ್ತೀನಿ" ಎನ್ನುತ್ತಾರೆ. ದೀಪದ ಬುಡದಲ್ಲೇ ಕತ್ತಲೆ. ಅವರು ಕಣ್ಣು ಕಿರಿದು ಮಾಡಿ, "ಕೆಂಪಿದೆ" ಎನ್ನುತ್ತಿದ್ದರು. ಪರದೆಯಾಚೆ ಇಸ್ತ್ರಿಯ ಸದ್ದು ಒಂದು ಕ್ಷಣ ನಿಲ್ಲುತ್ತಿತ್ತು.

ಮೂಟೆ ಪುಡಿ, ಕೆಂಪು. ಸಾದಾ ಪುಡಿ, ಕೆಂಪು. ಮಗುವಿನ ಚಿತ್ರ, ಇನ್ನೂ ಕೆಂಪು. ಬಿಳಿ ಡಬ್ಬಿಯ ಮೇಲೆ ನಾವೆಲ್ಲ ಆಸೆ ಇಟ್ಟಿದ್ದೆವು, ಅದು ಎಲ್ಲಕ್ಕಿಂತ ಉರಿಯಿತು. ಆಮೇಲೆ ಬರೀ ಬಿಸಿನೀರಿನ ಅಂಗಿ. ಅದನ್ನು ಹಾಕಿಕೊಂಡ ಮರುದಿನ ಸಂಜೆಗೇ ಬೆನ್ನ ಮೇಲೆ ಹೊಸ ಜಾಗದಲ್ಲಿ ಚುರುಚುರು ಶುರುವಾಯಿತು.

ಪುಡಿಯದು ತಪ್ಪಾದರೆ ಪುಡಿ ಬದಲಾಯಿಸಬಹುದು. ನೀರಿನಲ್ಲಿ ಅಲುಬಿದ ಬಟ್ಟೆಯೂ ಆಗುವುದಿಲ್ಲವೆಂದರೆ ಮನೆಯೇ ಆಗುವುದಿಲ್ಲ ಎಂದಾಯಿತು. ಮಾವ ಅಂಗಡಿಯಿಂದ ತಂದ ಆ ಮೂರನ್ನೂ ಸಾಲಾಗಿ ಕಿಟಕಿಯಲ್ಲಿಟ್ಟು ನೋಡುತ್ತ ಕೂತರು. ಕೊನೆಗೆ ಮಗನಿಗೆ, "ಆ ಮನೆ ನೋಡಿದ್ಯಲ್ಲ. ನಾಳೆ ಹೋಗಿ ಮಾತು ಕೊಟ್ಟುಬಿಡು. ಹುಡುಗಿ ನರಳಬಾರದು" ಎಂದರು. ನನ್ನ ಮುಖ ನೋಡಲಿಲ್ಲ. ನನಗೆ ಜೋರಾಗಿ ಜಗಳ ಮಾಡಬೇಕೆನಿಸಿತು, ಆದರೆ ಜಗಳಕ್ಕೆ ಎದುರಾಳಿಯೇ ಇರಲಿಲ್ಲ. ನನ್ನ ಚರ್ಮದ ಜೊತೆ ನಾನು ಹೇಗೆ ಜಗಳ ಮಾಡಲಿ.

ಮರುದಿನ ಬೆಳಿಗ್ಗೆ ಅತ್ತೆಗೆ ಕತ್ತು ತೋರಿಸದೆಯೇ ಅಂಗಡಿಗೆ ಹೊರಟೆ. ತೋರಿಸಿ ಏನಾಗಬೇಕಿತ್ತು.

ಅಂದು ಮೊದಲು ಬಂದ ಗಿರಾಕಿ ಗಡಿಯಾರ ರಿಪೇರಿಯ ಮುದುಕರು. ಓದುವ ಕನ್ನಡಕ ಮಾಡಿಸಿ ಮೂರನೇ ಸಲ ವಾಪಸು ತಂದಿದ್ದರು. ಜೀವನವಿಡೀ ಸಾಸಿವೆಯಷ್ಟು ಚಕ್ರಗಳನ್ನು ನೋಡಿದ ಕಣ್ಣು, ನಮ್ಮ ಯಾವ ಗಾಜೂ ಅದಕ್ಕೆ ಹಿಡಿಸುತ್ತಿರಲಿಲ್ಲ. ಹೊಸ ಗಾಜು ಕೂಡಿಸಿ ಮೂಗಿನ ಮೇಲಿಟ್ಟು, ಓದಿ ನೋಡಲು ಅಕ್ಷರದ ಹಲಗೆ ತೆಗೆಯಲೆಂದು ಕೆಳಗಿನ ಖಾನೆಗೆ ಬಗ್ಗಿದೆ. ಉರಿ ತಾಳಲಾರದೆ ಅಂಗಿಯ ಪಟ್ಟಿಯನ್ನು ಸ್ವಲ್ಪ ಕೆಳಕ್ಕೆ ಎಳೆದುಕೊಂಡಿದ್ದೆ.

"ಈ ಸಲ ಪರವಾಗಿಲ್ಲ ಕಣಮ್ಮ" ಎಂದರು ಮುದುಕರು. "ಸ್ಪಷ್ಟವಾಗಿ ಕಾಣ್ತಿದೆ. ನಿನ್ನ ಬೆನ್ನ ಮೇಲೆ ಐದು ಚುಕ್ಕೆ. ಹಚ್ಚೆನಾ?"

"ಏನು ಚುಕ್ಕೆ?"

"ಮೇಲೆ ಎರಡು, ಕೆಳಗೆ ಮೂರು. ಕೆಂಪಗಿದೆ. ಅಳತೆ ಇಟ್ಟು ಹಾಕಿದ ಹಾಗಿದೆ. ಯಾರು ಹಾಕಿದ್ದು, ಕೈ ಚೆನ್ನಾಗಿದೆ."

ನಾನು ಮುದುಕರನ್ನು ಅಲ್ಲೇ ಕೂರಿಸಿ ಒಳಕೋಣೆಗೆ ಓಡಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ ನಿಜ, ಬೆನ್ನಿನದಕ್ಕೆ ಮಾತ್ರ ಎರಡು ಕನ್ನಡಿ ಬೇಕು. ನಮ್ಮ ಅಂಗಡಿಯಲ್ಲಿ ಕನ್ನಡಿಗೇನು ಬರವೇ. ಗೋಡೆಯ ಕನ್ನಡಿಗೆ ಬೆನ್ನು ಹಾಕಿ, ಕೈಗನ್ನಡಿ ಎತ್ತಿ ಹಿಡಿದೆ. ಕತ್ತಿನ ಪಟ್ಟಿಯ ಕೆಳಗೆ, ಅಲ್ಲಿಯವರೆಗೂ ಏನೂ ಇರದಿದ್ದ ಬಿಳಿ ಚರ್ಮದ ಮೇಲೆ, ಐದು ಗುಳ್ಳೆ. ಮೇಲೆ ಎರಡು, ಕೆಳಗೆ ಮೂರು. ಮಾವನ ಕೈಬರಹ.

ಆಮೇಲೆ ಎಲ್ಲ ತಾನಾಗಿಯೇ ತೆರೆದುಕೊಂಡಿತು. ಕತ್ತಿನ ಹಿಂದೆ ಅಂಗಿಯ ಗುರುತು. ಸೊಂಟದ ಬಲಗಡೆ ಪೈಜಾಮದ ಗುರುತು. ಮೂಗಿನ ಪಕ್ಕ ಕರ್ಚೀಫಿನ ಮೂಲೆ. ಪುಡಿ ಬದಲಾದಷ್ಟೂ ಚುಕ್ಕೆ ಹೆಚ್ಚಾಗಿದ್ದವು, ಚುಕ್ಕೆ ಹೆಚ್ಚಾದಷ್ಟೂ ಉರಿ. ನೀರಿನದಲ್ಲ, ಹಬೆಯದಲ್ಲ, ಪುಡಿಯದೂ ಅಲ್ಲ. ಕೈಗನ್ನಡಿ ಹಿಡಿದುಕೊಂಡೇ ನಾನು ನೆಲದ ಮೇಲೆ ಕೂತು ನಕ್ಕೆ, ಹೊಟ್ಟೆಗೆ ಹಾಲು ಹೊಯ್ದ ಹಾಗೆ ತಂಪಾಯಿತು. ಮನೆ ಬಿಡಬೇಕಾಗಿಲ್ಲ. ಆ ಮನೆ ನನಗೆ ಆಗುತ್ತದೆ. ಒಂದು ಪುಟ್ಟ ಶೀಶೆ ಮಾತ್ರ ಆಗುವುದಿಲ್ಲ.

ಗಂಡನಿಗೆ ಫೋನು ಮಾಡಿದೆ. "ಎಲ್ಲಿದೀಯ?"

"ಬಾಡಿಗೆ ಮನೆ ಮೆಟ್ಟಿಲ ಮೇಲೆ. ಯಜಮಾನರು ಬೀಗದಕೈ ತರೋಕೆ ಹೋಗಿದಾರೆ."

"ಅವರು ಬರೋದ್ರೊಳಗೆ ಇಳಿದು ಬಾ."

"ಯಾಕೆ, ಏನಾಯ್ತು?"

"ನಿಮ್ಮಪ್ಪ ನನ್ನ ಬೆನ್ನ ಮೇಲೆ ಸಹಿ ಹಾಕಿದಾರೆ. ಬಾ, ಹೇಳ್ತೀನಿ."

ಗಡಿಯಾರದ ಮುದುಕರು ಆ ಕನ್ನಡಕವನ್ನೇ ಇಟ್ಟುಕೊಂಡು ಹೋದರು. ನಾನು ರಜೆ ಹೇಳಿ, ದಾರಿಯುದ್ದಕ್ಕೂ ಅರ್ಧ ನಡೆದು ಅರ್ಧ ಓಡಿ ಮನೆ ಸೇರಿದೆ. ಓಡುವಾಗ ಇದ್ದ ಸಂತೋಷ ಲಾಂಡ್ರಿಯ ಹೊಸ್ತಿಲ ಹತ್ತಿರ ಬಂದಾಗ ಸ್ವಲ್ಪ ಅಳುಕಿತು. ಇದನ್ನು ಮಾವನಿಗೆ ಯಾವ ಬಾಯಲ್ಲಿ ಹೇಳುವುದು. ಅವರು ಪ್ರೀತಿಯಿಂದ ಕೊಟ್ಟದ್ದು ಅದೊಂದೇ ತಾನೆ.

ಹೇಳಿದೆ. ಪಟ್ಟಿ ಸರಿಸಿ ತೋರಿಸಿದೆ. ಮಾವ ಹತ್ತಿರ ಬಂದು ನೋಡಿದರು, ದೂರ ಸರಿದು ನೋಡಿದರು. ಆಮೇಲೆ ತಲೆ ಅಲ್ಲಾಡಿಸಿದರು.

"ಇಲ್ಲಮ್ಮ. ಅದಾಗಿರಲ್ಲ. ನಮ್ಮಪ್ಪನ ಕಾಲದ್ದು. ನನ್ನ ಕೈ ನೋಡು, ನಲವತ್ತು ವರ್ಷ ಇದರಲ್ಲೇ ಅದ್ದಿದೀನಿ. ಏನಾಗಿದೆ?"

"ನಿಮ್ಮ ಕೈ ಮಾತು ಬಿಡಿ" ಎಂದರು ಅತ್ತೆ, ಅಡುಗೆಮನೆಯಿಂದ ಬಂದು ಪರದೆಯ ಹತ್ತಿರ ನಿಂತು. "ಬಿಸಿ ಇಸ್ತ್ರಿಪೆಟ್ಟಿಗೆ ಮುಟ್ಟಿದ್ರೆ ಅದಕ್ಕೇ ನೋವಾಗತ್ತೆ."

"ಹುಟ್ಟಿದಾಗಿಂದ ನಮ್ಮ ಹುಡುಗನ ಬಟ್ಟೆಗೂ ಹಾಕಿದೀನಿ. ಅವನಿಗೇನೂ ಆಗಲಿಲ್ಲ."

"ಅವನು ನಿಮ್ಮ ಮಗ. ನಿಮ್ಮದೇ ಚರ್ಮ."

"ಮತ್ತೆ ನಿನಗೆ? ನಿನಗಾಗಲಿಲ್ವಲ್ಲ?"

ಅತ್ತೆ ಕೈಯಲ್ಲಿದ್ದ ಬಟ್ಟೆಯಿಂದ ಕೈ ಒರೆಸಿಕೊಂಡರು, ಎರಡು ಸಲ. ಆಮೇಲೆ ನಮಗೆ ಬೆನ್ನು ತಿರುಗಿಸಿ, ತುರುಬನ್ನು ಒಂದು ಕೈಯಲ್ಲಿ ಮೇಲಕ್ಕೆತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅಂಗಿಯ ಪಟ್ಟಿಯನ್ನು ಕೆಳಗೆ ಎಳೆದರು. ಕತ್ತಿನ ಹಿಂದೆ, ನನ್ನದಿದ್ದ ಜಾಗದಲ್ಲೇ, ಹೆಬ್ಬೆರಳಿನಗಲದ ಕಪ್ಪು ಕಲೆ. ಹಳೆಯದು, ಒಣಗಿದ್ದು, ಅಂಚು ಮಾಸಿದ್ದು.

"ನನಗೂ ಹೊಸತರಲ್ಲಿ ಹೀಗೇ ಆಗಿತ್ತು" ಎಂದರು.

ಮಾವ ಆ ಕಲೆಯ ಹತ್ತಿರಕ್ಕೆ ಬಗ್ಗಿ ನೋಡಿದರು. "ನೀನು ಹೇಳಲೇ ಇಲ್ಲ."

"ಯಾರಿಗೆ ಹೇಳ್ಲಿ. ನಿಮ್ಮಮ್ಮ, ಹೊಸ ನೀರು, ಒಗ್ಗತ್ತೆ ಅಂದ್ರು. ಒಂದು ವರ್ಷ ಕೆರ್ಕೊಂಡೆ. ಪಟ್ಟಿ ಉಜ್ಜತ್ತೇನೋ ಅಂದ್ಕೊಂಡು, ಎಲ್ಲಾ ಅಂಗಿ ಪಟ್ಟಿನೂ ಒಳಗೆ ಮಡಚಿ ದಪ್ಪಗೆ ಹೊಲ್ಕೊಂಡೆ. ಆಮೇಲೆ ಕಡಿಮೆ ಆಯ್ತು. ಒಗ್ಗಿತು ಅಂದ್ಕೊಂಡೆ. ಇವಳಿಗೂ ಅದೇ ಹೇಳ್ದೆ ನೋಡಿ, ನಾನೂ."

ಅತ್ತೆಯ ಅಂಗಿಗಳ ಕತ್ತಿನ ಪಟ್ಟಿ ಯಾಕೆ ಅಷ್ಟು ದಪ್ಪ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೆ. ಹಳೆಯ ಕಾಲದ ಹೊಲಿಗೆ ಇರಬೇಕು ಎಂದುಕೊಂಡಿದ್ದೆ. ಎಲ್ಲರ ತೋಳಿನ ಬಟ್ಟೆಯನ್ನು ಮುಟ್ಟಿ ನೋಡುವ ಮಾವ ಒಂದೇ ಒಂದು ದಿನ ಹೆಂಡತಿಯ ಕತ್ತಿನ ಪಟ್ಟಿಯನ್ನು ಮುಟ್ಟಿ ನೋಡಿರಲಿಲ್ಲ. ಅದು ಅವರಿಗೂ ಅದೇ ಗಳಿಗೆಯಲ್ಲಿ ಹೊಳೆದಿರಬೇಕು. ಕಪಾಟಿನ ಕಡೆ ನೋಡಿದರು, ಶೀಶೆಯ ಕಡೆ. ಆಮೇಲೆ ಅಂಗಳಕ್ಕೆ ಹೋದರು.

ಮರುದಿನ ಶೀಶೆಯನ್ನು ಬಟ್ಟೆಯಲ್ಲಿ ಸುತ್ತಿ ಡಾಕ್ಟರಮ್ಮನ ಹತ್ತಿರ ಒಯ್ದೆವು, ನಾವು ನಾಲ್ಕೂ ಜನ. ಅವರು ನನ್ನ ಬೆನ್ನನ್ನೂ ಅತ್ತೆಯ ಕತ್ತನ್ನೂ ನೋಡಿ, ಶಾಯಿ ಯಾವುದರಿಂದ ಮಾಡಿದ್ದು ಎಂದು ಕೇಳಿ, "ಹೌದು, ಇದೇ" ಎಂದರು. ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ. ಎಷ್ಟು ಒಗೆದರೂ ಅದರ ಚುರುಕು ಹೋಗುವುದಿಲ್ಲ. ದೂರವಿಟ್ಟರೆ ಸಾಕು, ಎರಡು ವಾರದಲ್ಲಿ ವಾಸಿ. ಬೇರೆ ಕಾಯಿಲೆ ಏನಿಲ್ಲ. ಕೊನೆಗೆ ಮಾವ ಬಹಳ ಸಂಕೋಚದಿಂದ ಕೇಳಿದರು. "ಹಾಗಾದ್ರೆ ಪುಡಿ ಯಾವುದು ಮೇಡಂ?"

"ನೀವು ಹೇಗೆ ಜಾಲಿಸ್ತೀರಿ?"

"ಏಳು ನೀರು."

"ಏಳು ನೀರು ಹಾಕೋರಿಗೆ ಯಾವುದಾದ್ರೂ ಆಗತ್ತೆ. ಚರ್ಮ ಮಾಗೋವರೆಗೆ ಪರಿಮಳ ಇಲ್ಲದ್ದೇ ಇರಲಿ."

ಮಾವ ದಾರಿಯಲ್ಲಿ ಆ ಮಾತನ್ನು ಎರಡು ಸಲ ಹೇಳಿಕೊಂಡರು. ಲಾಂಡ್ರಿಯ ಬೋರ್ಡು ಇಳಿಸಬೇಕಾಗಿಲ್ಲ ಎಂಬ ಸಮಾಧಾನ ಅವರ ನಡಿಗೆಯಲ್ಲೇ ಕಾಣುತ್ತಿತ್ತು. ನನ್ನ ಗಂಡ ಅಂತೂ ವ್ಯಾನು ಓಡಿಸುತ್ತ ಗುನುಗುತ್ತಿದ್ದ. ಆ ಬಾಡಿಗೆ ಮನೆಯ ಬಚ್ಚಲಿನಲ್ಲಿ ತಲೆ ಎತ್ತಿ ನಿಂತರೆ ಸೂರಿಗೆ ಬಡಿಯುತ್ತದೆ ಎಂಬುದನ್ನು ಆಗ ಬಾಯಿಬಿಟ್ಟ.

ಉಳಿದದ್ದು ನನ್ನ ಬಟ್ಟೆಗಳು. ಆ ಗುರುತು ಒಗೆದರೆ ಹೋಗುವುದಿಲ್ಲ, ಅದೇ ಅದರ ಹೆಚ್ಚುಗಾರಿಕೆಯಾಗಿತ್ತು. ಮಾವ ನನ್ನ ಪೆಟ್ಟಿಗೆಯನ್ನು ಮತ್ತೊಮ್ಮೆ ತರಿಸಿಕೊಂಡರು. ಈ ಸಲ ಕಪಾಟಿನಿಂದ ಇಳಿಸಿದ್ದು ಕತ್ತರಿ. ಗಿರಾಕಿಯ ಅಂಗಿಗೆ ಸೂಜಿಮೊನೆಯಷ್ಟು ತೂತು ಬಿದ್ದರೆ ಮೂರು ದಿನ ನಿದ್ದೆಗೆಡುವ ಮನುಷ್ಯ, ನನ್ನ ಹೊಸ ಅಂಗಿಗಳ ಪಟ್ಟಿಯಲ್ಲಿ ಒಂದೊಂದೇ ಚೌಕ ಕತ್ತರಿಸಿ ತೆಗೆದರು. ತೆಗೆದ ಚೂರುಗಳನ್ನು ಒಂದು ತಟ್ಟೆಯಲ್ಲಿ ಹಾಕುತ್ತ ಹೋದರು. ಅತ್ತೆ ಎದುರಿಗೆ ಕೂತು ತೇಪೆ ಹಾಕುತ್ತಿದ್ದರು. ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಸೋತು, ಕೊನೆಗೆ ನನ್ನ ಕಡೆ ನೋಡದೆಯೇ, "ನಿಮ್ಮ ಅಂಗಡೀಲಿ ಮುದುಕಿ ಥರ ಕಾಣಿಸದೇ ಇರೋ ಕನ್ನಡಕ ಇದೆಯಾ?" ಎಂದರು.

ನನಗೆ ಒಂದೇ ಒಂದು ಮಾತು ಒಳಗೆ ಕುಟುಕುತ್ತಿತ್ತು. ಮಕ್ಕಳ ಹಾಗೆ ಕೇಳಿಬಿಟ್ಟೆ. "ಹಾಗಾದ್ರೆ ನನ್ನ ಬಟ್ಟೆ ಕಳೆದುಹೋದ್ರೆ, ಮಾವ?"

ಅವರು ಕತ್ತರಿ ನಿಲ್ಲಿಸಿ, ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದರು. "ಹೇಗಮ್ಮ ಕಳೆದುಹೋಗತ್ತೆ. ಇಡೀ ಲಾಂಡ್ರಿಲಿ ಗುರುತಿಲ್ಲದ ಬಟ್ಟೆ ಯಾವುದು ಅಂದ್ರೆ ನಿಂದೊಂದೇ. ಕಣ್ಣು ಮುಚ್ಚಿ ತೆಗೀತೀನಿ."

ಈ ಸಲ ನಾನು ಬಚ್ಚಲುಮನೆಗೆ ಹೋಗಲಿಲ್ಲ, ಅಲ್ಲೇ ಎಲ್ಲರೆದುರು ಅತ್ತುಬಿಟ್ಟೆ. ಯಾರೂ ಪಾಪ ಅನ್ನಲಿಲ್ಲ.

ನನ್ನ ರಾಶಿ ಮುಗಿಯಿತು. ನಾನು ಎದ್ದು ಚಹಾಕ್ಕೆ ನೀರಿಟ್ಟೆ. ಕತ್ತರಿಯ ಸದ್ದು ಮಾತ್ರ ನಿಲ್ಲಲಿಲ್ಲ. ಪರದೆಯ ಹತ್ತಿರ ಬಂದು ನೋಡಿದರೆ ಮಾವನ ತೊಡೆಯ ಮೇಲೆ ಅತ್ತೆಯ ಅಂಗಿ ಇತ್ತು. ದಪ್ಪ ಪಟ್ಟಿಯ ಹೊಲಿಗೆಯನ್ನು ಒಂದೊಂದೇ ಎಳೆ ಬಿಚ್ಚುತ್ತ, ಅದರೊಳಗೆ ಅತ್ತೆ ಮಡಚಿಟ್ಟಿದ್ದ ಗುರುತನ್ನು ಅವರು ಹುಡುಕುತ್ತಿದ್ದರು.

"ಅದು ಹಳೇದು, ಈಗ ಏನೂ ಆಗಲ್ಲ, ಬಿಡಿ" ಎಂದರು ಅತ್ತೆ.

ಮಾವ ಬಿಡಲಿಲ್ಲ.